ಧಣಿ ಹಾಕಿದ ಗಂಟು

"ಮಾಸ್ತರೇ, ಹನ್ನೆರಡರದ್ದು ಹಾರಿಸಲೋ, ಏಳರದ್ದು ಸಾಕೋ?"

ಕೇಳಿದವಳು ವನಿತಾ ತಾಂಡೇಲ. ದೊಡ್ಡ ಗಾಳಿಪಟವನ್ನು ನಡುವಿಗೆ ಸಿಕ್ಕಿಸಿಕೊಂಡು, ಹಲಗೆಯ ಮೇಲೆ ನಿಂತು, ಅಲೆಗಳ ಮೇಲೆ ಓಡುವ ವಿದ್ಯೆ ಕಲಿಯಲು ಅವಳು ಬಂದು ಇಪ್ಪತ್ತೆರಡು ದಿನವಾಗಿತ್ತು. ಕಾಲ ಬಳಿ ಎರಡು ಚೀಲಗಳಿದ್ದವು. ಒಂದರಲ್ಲಿ ಹನ್ನೆರಡು ಚದರ ಮೀಟರಿನ ಪಟ. ಇನ್ನೊಂದರಲ್ಲಿ ಏಳು ಮೀಟರಿನದು. ದೊಡ್ಡದು ಹೊಸದು, ದಂಡೆಯ ಮೇಲಿನ ರೆಸಾರ್ಟಿನವರು ಕೊಟ್ಟದ್ದು. ಅದರ ಎರಡೂ ರೆಕ್ಕೆಗಳ ತುಂಬ ರೆಸಾರ್ಟಿನ ಹೆಸರು.

ಇವತ್ತು ಅತಿಥಿಗಳೆದುರು ಪ್ರದರ್ಶನವಿತ್ತು. ಚೆನ್ನಾಗಿ ಓಡಿಸಿದರೆ ಅವಳಿಗೆ ಅಲ್ಲೇ ಕೆಲಸ. ಈಗಷ್ಟೇ ಅವಳ ಫೋಟೋ ತೆಗೆದಿದ್ದರು. ಫೋಟೋಗೆಂದು ಪಟದ ಹಿಡಿಕೋಲನ್ನು ನಡುಪಟ್ಟಿಯ ಕೊಕ್ಕೆಗೆ ಸಿಕ್ಕಿಸಿಕೊಂಡವಳು ಹಾಗೇ ಬಂದಿದ್ದಳು. ಅದೆಲ್ಲ ಮುಚ್ಚುವಂತೆ ಮೇಲಿಂದ ರೆಸಾರ್ಟಿನ ಹೆಸರಿದ್ದ ಹಳದಿ ಬಟ್ಟೆಯೊಂದನ್ನು ಎದೆಯಿಂದ ತೊಡೆಯವರೆಗೆ ಇಳಿಬಿಟ್ಟು, ಬೆನ್ನ ಹಿಂದೆ ಬಿಗಿದು ಕಟ್ಟಿದ್ದರು.

ಈರಪ್ಪ ಹರಿಕಂತ್ರ ಮಾಸ್ತರು ಅವಳನ್ನು ನೋಡುವ ಮೊದಲು ಕಡಲನ್ನು ನೋಡಿದರು. ನೀರಿನ ತುಂಬ ಬಿಳಿ ನೊರೆ ಎದ್ದಿತ್ತು. ದಂಡೆಯ ಮರಳು ಕಣಕಾಲಿಗೆ ಹೊಡೆಯುತ್ತಿತ್ತು. ಗಾಳಿ ಒಂದೇ ಸಮ ಬೀಸುತ್ತಿರಲಿಲ್ಲ. ತಡೆದು ತಡೆದು ನುಗ್ಗುತ್ತಿತ್ತು.

ಅವರಿಗೆ ದಣಿವಾಗಿತ್ತು. ಹನ್ನೊಂದು ವರ್ಷದಿಂದ ಇದೇ ಪ್ರಶ್ನೆ, ಹನ್ನೊಂದು ವರ್ಷದಿಂದ ಅದೇ ಉತ್ತರ. ಗಾಳಿ ಹೆಚ್ಚಿದಷ್ಟೂ ಪಟ ಚಿಕ್ಕದಾಗಬೇಕು. ಮೈತೂಕ ಕಡಿಮೆಯಿದ್ದರೆ ಇನ್ನೂ ಚಿಕ್ಕದಾಗಬೇಕು. ಗಾಳಿ ಸೋತಾಗಿನ ಬಲ ನೋಡಬಾರದು, ನುಗ್ಗಿದಾಗಿನ ಬಲ ನೋಡಬೇಕು. ನೆಲದಿಂದ ಕಡಲಿಗೆ ಗಾಳಿ ಬೀಸುವ ದಿನ ನೀರಿಗೆ ಇಳಿಯಲೇಬಾರದು. ಇಷ್ಟನ್ನೂ ಒಡೆದ ದೋಣಿಯ ಹಲಗೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆದು ದಂಡೆಯಲ್ಲಿ ನೆಟ್ಟಿದ್ದರು. ಅತಿಥಿಗಳು ಹೆದರುತ್ತಾರೆಂದು ರೆಸಾರ್ಟಿನವರು ಕಿತ್ತು ಅಡುಗೆಮನೆಯ ಹಿಂದೆ ಎಸೆದರು. ಮಾಸ್ತರು ಮತ್ತೆ ನೆಟ್ಟರು. ಅವರು ಮತ್ತೆ ಕಿತ್ತರು. ಮೂರನೆಯ ಸಲ ನೆಡಲು ಮಾಸ್ತರ ಸೊಂಟ ಬಗ್ಗಲಿಲ್ಲ.

"ಕೂತುಕೋ, ತಂಗಿ" ಎಂದರು.

"ಕೂರಲು ಪುರಸೊತ್ತಿಲ್ಲ ಮಾಸ್ತರೇ. ಮೈಕಿನಲ್ಲಿ ಎರಡು ಸಲ ಹೆಸರು ಕೂಗಿಯಾಯಿತು."

"ಮೂರನೆಯ ಸಲವೂ ಕೂಗಲಿ. ಅವರ ಗಂಟಲು, ಅವರ ಕರೆಂಟು. ನಿನ್ನದೇನು ಹೋಗುತ್ತದೆ?"

ವನಿತಾ ನಕ್ಕಳು. ಮರಳಿನ ಮೇಲೆ ಕೂತಳು. ಮಾಸ್ತರು ಕತೆ ಹೇಳಿದರು.

ಒಂದು ಅಳಿವೆ, ನದಿ ಕಡಲು ಸೇರುವ ಜಾಗ. ಆಚೆ ದಡ ಕಾಣುತ್ತದೆ, ಕೂಗಿದರೆ ಕೇಳುವುದಿಲ್ಲ, ಅಷ್ಟು ಅಗಲ. ಈಚೆ ದಡದಲ್ಲಿ ಉಪ್ಪು ತೆಗೆಯುವ ಒಂದು ಊರು. ಆ ಊರಿನವರು ದೋಣಿ ಕಟ್ಟಲಿಲ್ಲ. ಗಾಳಿಪಟ ಹಾರಿಸಿ, ಅದರ ಹಗ್ಗವನ್ನು ನಡುವಿಗೆ ಕಟ್ಟಿಕೊಂಡು, ಹಲಗೆಯ ಮೇಲೆ ನಿಂತು ಅಳಿವೆ ದಾಟುತ್ತಿದ್ದರು.

ಪಟ ಎಷ್ಟು ದೊಡ್ಡದಿರಬೇಕೆಂದು ಅಲ್ಲಿ ಗಾಳಿ ನೋಡಿ ಹೇಳುತ್ತಿರಲಿಲ್ಲ. ಮನೆ ನೋಡಿ ಹೇಳುತ್ತಿದ್ದರು. ಉಪ್ಪಿನಾಗರದ ಧಣಿಗೆ ಹನ್ನೆರಡು ಮೊಳದ ಪಟ. ಅವನ ಮೇಸ್ತ್ರಿಗೆ ಒಂಬತ್ತು. ಉಪ್ಪು ಎಳೆಯುವ ಆಳುಗಳಿಗೆ ಐದು. ಚಿಪ್ಪು ಹೆಕ್ಕಿ ಬದುಕುವವರಿಗೆ ನಾಲ್ಕು. ಐದರವನು ಆರು ಹೊಲಿಸಿದರೆ ದಂಡೆಯಲ್ಲೇ ಹರಿದು ಹಾಕುತ್ತಿದ್ದರು. ಹನ್ನೆರಡರ ಮನೆ ಹನ್ನೊಂದಕ್ಕೆ ಇಳಿದರೆ ಆ ಮನೆ ಮುಗಿಯಿತು ಎನ್ನುತ್ತಿದ್ದರು. ಹಾಗಾಗಿ ಜೋರು ಗಾಳಿಯ ದಿನ ಚಿಕ್ಕ ಪಟದವರು ದಾಟಿ ಬರುತ್ತಿದ್ದರು, ದೊಡ್ಡ ಪಟ ಮನುಷ್ಯನನ್ನು ಎತ್ತಿ ಒಗೆಯುತ್ತಿತ್ತು. ಆದರೂ ಧಣಿಯ ಮನೆಯಲ್ಲಿ ಯಾರೂ ಹಾಗೆ ಸಾಯಲಿಲ್ಲ. ಏಕೆಂದರೆ ಧಣಿಯ ಮನೆಯವರು ಯಾರೂ ಹಲಗೆ ಹತ್ತಲಿಲ್ಲ. ಆ ಪಟಕ್ಕೆ ಕಟ್ಟಲು ಆಳುಗಳಿದ್ದರು.

ದಿನವೂ ದಾಟುವವರು ಹಗ್ಗವನ್ನು ನಡುವಿಗೆ ಜಾರುಗಂಟು ಹಾಕಿ ಕಟ್ಟಿಕೊಳ್ಳುತ್ತಿದ್ದರು. ಗಂಟಿನ ಬಾಲ ಬಲಗೈಗೆ ಸಿಗುವಂತೆ ಜೋತಾಡುತ್ತಿತ್ತು. ಪಟ ಮಾತು ಕೇಳದಿದ್ದರೆ ಬಾಲ ಎಳೆಯುವುದು. ಪಟ ಹೋಗುತ್ತದೆ, ಮನುಷ್ಯ ಉಳಿಯುತ್ತಾನೆ. ಆ ಊರಿನಲ್ಲಿ ಪಟ ಹಾರಿಸುವುದಕ್ಕೆ ಮೊದಲು ಪಟ ಬಿಡುವುದನ್ನು ಕಲಿಸುತ್ತಿದ್ದರು. ಕತ್ತಲಲ್ಲಿ ನಿಲ್ಲಿಸಿ ನೂರು ಸಲ ಬಾಲ ಎಳೆಸುತ್ತಿದ್ದರು.

ವರ್ಷದಲ್ಲಿ ಒಂದು ದಿನ ಮಾತ್ರ ಬೇರೆ. ಅವತ್ತು ಆಗರದ ಮೊದಲ ಉಪ್ಪು ಆಚೆ ದಡಕ್ಕೆ ಹೋಗಬೇಕು. ಅದನ್ನು ಧಣಿಯ ಪಟವೇ ಒಯ್ಯಬೇಕು. ಅವತ್ತು ಆಳಿನ ನಡುವಿಗೆ ಹಗ್ಗ ಕಟ್ಟುವವನು ಸ್ವತಃ ಧಣಿ. ಜಾರುಗಂಟಲ್ಲ, ಮೂರು ಸುತ್ತಿನ ಬಿಗಿ ಗಂಟು. ಹಾಕಿದ ಕೈಯೇ ಅದನ್ನು ಬಿಚ್ಚಬೇಕು. ಆಳು ತಾನೇ ಬಿಚ್ಚಿಕೊಂಡರೆ ಧಣಿಯ ಮನೆಯ ಮಾನವನ್ನು ನೀರಿಗೆ ಬಿಟ್ಟಂತೆ. ಗಂಟು ಹಾಕಿಸಿಕೊಂಡು ಹೋಗಿ ಬಂದ ಆಳು ಅವತ್ತು ಒಂದು ಹೊತ್ತು ಧಣಿಯ ಜಗಲಿಯ ಮೇಲೆ ಕೂತು ಉಣ್ಣಬಹುದಿತ್ತು. ಒಂದು ಹೊತ್ತು ಮಾತ್ರ. ಇದನ್ನು ಅಲ್ಲಿ ಗೌರವ ಎಂದು ಕರೆಯುತ್ತಿದ್ದರು.

ಒಂದು ವರ್ಷ, ಯಾವಾಗಲೂ ಧಣಿಯ ಪಟ ಒಯ್ಯುತ್ತಿದ್ದ ಮುದುಕನ ಭುಜ ಮುರಿದಿತ್ತು. ಧಣಿ ಬೇರೊಬ್ಬ ಆಳನ್ನು ಕರೆಸಿದ. ಅವನು ಐದು ಮೊಳದ ಪಟದಲ್ಲಿ ಪಳಗಿದವನು. ಹನ್ನೆರಡು ಮೊಳದ್ದನ್ನು ದೂರದಿಂದ ನೋಡಿದ್ದ, ಅಷ್ಟೇ. ಬರುವುದಿಲ್ಲ ಎಂದು ಹೇಳಬಹುದಿತ್ತು. ಆದರೆ ಆ ಜಗಲಿಯನ್ನು ಅವನ ಅಪ್ಪ ಗುಡಿಸಿದ್ದ. ಅವನೂ ಗುಡಿಸಿದ್ದ. ಇಬ್ಬರೂ ಅದರ ಮೇಲೆ ಕೂತಿರಲಿಲ್ಲ. ಆಳು ಹೂಂ ಅಂದ.

ಆ ಬೆಳಿಗ್ಗೆ ಗಾಳಿ ದಿಕ್ಕು ಬದಲಿಸಿತ್ತು. ದಿನವೂ ಕಡಲಿನಿಂದ ಬರುತ್ತಿದ್ದ ಗಾಳಿ ಅವತ್ತು ಗುಡ್ಡದ ಕಡೆಯಿಂದ ಇಳಿದು ಕಡಲಿಗೆ ಹೋಗುತ್ತಿತ್ತು. ಕಡಲಿನ ಗಾಳಿಯಲ್ಲಿ ಬಿದ್ದವನನ್ನು ಅಲೆ ದಡಕ್ಕೆ ತಂದು ಹಾಕುತ್ತದೆ. ಗುಡ್ಡದ ಗಾಳಿಯಲ್ಲಿ ಬಿದ್ದವನು ಅಳಿವೆಯ ಬಾಯಿ ದಾಟಿ ಹೋಗುತ್ತಾನೆ. ಇದು ಊರಿಗೆಲ್ಲ ಗೊತ್ತಿತ್ತು. ಊರೆಲ್ಲ ದಂಡೆಯಲ್ಲಿ ನಿಂತಿತ್ತು. ಯಾರೂ ಬಾಯಿ ಬಿಡಲಿಲ್ಲ.

ಬಿಟ್ಟವನು ಒಬ್ಬನೇ, ಜೊತೆಯ ಆಳು. "ಏನೋ, ಜಗಲಿಯ ಮೇಲೆ ಎಲೆ ಹಾಕಿಸಿಕೊಳ್ಳುವ ದೊರೆ, ನೆಲದ ಮೇಲೇ ನಡುಗುತ್ತಿದ್ದೀಯಲ್ಲ!" ಎಂದ. ಜನ ನಕ್ಕರು. ನಗುವುದು ಸುಲಭವಾಗಿತ್ತು.

ಧಣಿ ಹಗ್ಗ ಹಿಡಿದು ಬಂದ. ಆಳು ಕೈ ಕಟ್ಟಿ ನಿಂತು ಹೇಳಿದ: "ಧಣೀ, ಇವತ್ತು ಬೇಡ. ಬೇಕೇ ಬೇಕು ಅಂದರೆ ನನ್ನ ಐದು ಮೊಳದ್ದು ಹಾರಿಸುತ್ತೇನೆ. ಈ ಗಾಳಿಗೆ ಅದೇ ಹೆಚ್ಚು."

"ನಿನ್ನ ಚಿಂದಿಯ ಮೇಲೆ ನನ್ನ ಮನೆಯ ಹೆಸರು ಹಿಡಿಸುತ್ತದೇನೋ?"

"ಹಾಗಾದರೆ ಗಂಟನ್ನಾದರೂ ಜಾರುಗಂಟು ಹಾಕಿ, ಧಣೀ."

"ಹಾಕುವವನು ನಾನು, ಬಿಚ್ಚುವವನು ನಾನು. ನಡುವೆ ನಿನ್ನದೇನು ಚಿಂತೆ?" ಎಂದ ಧಣಿ. ಮೂರು ಸುತ್ತು ಹಾಕಿ, ಮೊಣಕಾಲು ಒತ್ತಿ ಎಳೆದ. ಆಮೇಲೆ ಒಣ ಮರಳಿನಲ್ಲಿ ಕೈ ಉಜ್ಜಿಕೊಂಡು ಹಿಂದೆ ಸರಿದ.

ಪಟ ಮೇಲೆ ಹೋಯಿತು. ಮೊದಲು ಎಲ್ಲ ಸರಿಯಾಗಿತ್ತು. ಗಾಳಿ ಸೋತ ಹೊತ್ತಿನಲ್ಲಿ ಆಳು ನೆಟ್ಟಗೆ ನಿಂತು ಓಡಿದ. ದಂಡೆಯವರು ಕೂಗಿದರು. ಕಾಲು ಭಾಗ ಅಳಿವೆ ದಾಟಿದ. ಆಗ ಗುಡ್ಡದಿಂದ ಒಂದು ನುಗ್ಗು ಬಂತು. ಪಟ ಅವನನ್ನು ಹಲಗೆಯಿಂದ ಎತ್ತಿತು. ಎರಡಾಳು ಎತ್ತರದಿಂದ ನೀರಿಗೆ ಹೊಡೆಯಿತು. ಮತ್ತೆ ಎತ್ತಿತು. ಉಪ್ಪಿನ ಬುಟ್ಟಿ ಹೋಯಿತು, ಹಲಗೆ ಹೋಯಿತು. ಅವನು ನೀರಿನ ಮೇಲೆ ಉಜ್ಜಿಕೊಂಡು ಅಳಿವೆಯ ಬಾಯಿಯ ಕಡೆ ಹೊರಟ. ಬಲಗೈ ಅಭ್ಯಾಸದಿಂದ ನಡುವಿಗೆ ಹೋಗಿ ಬಾಲ ಹುಡುಕಿತು. ಬಾಲ ಇರಲಿಲ್ಲ. ಗಂಟು ನೆನೆದು ಇನ್ನೂ ಬಿಗಿದಿತ್ತು.

ಅದೇ ಹೊತ್ತಿಗೆ ಆಚೆ ದಡದಿಂದ ಚಿಪ್ಪು ಹೆಕ್ಕುವ ಹೆಂಗಸೊಬ್ಬಳು ತಿರುಗಿ ಬರುತ್ತಿದ್ದಳು. ಅವಳದು ನಾಲ್ಕು ಮೊಳದ ಪಟ. ಆ ಗಾಳಿಯಲ್ಲೂ ಅದು ಅವಳು ಹೇಳಿದಂತೆ ಕೇಳುತ್ತಿತ್ತು. ಅವಳು ಪಟ ತಿರುಗಿಸಿ ಅವನ ಹಿಂದೆ ಓಡಿಸಿದಳು. ಕೈಗೆ ಸಿಗುವಷ್ಟು ಹತ್ತಿರ ಬಂದಳು. ಚಿಪ್ಪು ಬಿಡಿಸುವ ಕತ್ತಿಯನ್ನು ಸೊಂಟದಿಂದ ತೆಗೆದು ಅವನ ಕೈಗೇ ಇಟ್ಟಳು.

"ಕೊಯ್ಯೋ!" ಎಂದು ಕಿರುಚಿದಳು.

ಕತ್ತಿ ಅವನ ಕೈಯಲ್ಲಿತ್ತು. ಗಾಳಿ ಸೋತಿತ್ತು. ಹಗ್ಗ ಸಡಿಲವಾಗಿತ್ತು. ಮೂರು ಎಣಿಸುವಷ್ಟು ಹೊತ್ತು ಇತ್ತು. ಅಷ್ಟು ಹೊತ್ತಿನಲ್ಲಿ ಅವನು ಮಾಡಿದ್ದು ಒಂದೇ. ತಿರುಗಿ ದಂಡೆಯ ಕಡೆ ನೋಡಿದ. ಧಣಿ ತಲೆಯಾಡಿಸುತ್ತಾನೆಯೇ ಎಂದು ನೋಡಿದ.

ಅಷ್ಟು ದೂರದಿಂದ ಧಣಿ ಕಾಣುತ್ತಿರಲಿಲ್ಲ. ಬಿಳಿ ಪಂಚೆಯೊಂದು ಕಾಣುತ್ತಿತ್ತು.

ಮುಂದಿನ ನುಗ್ಗು ಬಂತು. ಆಳು ಅಳಿವೆಯ ಬಾಯಿ ದಾಟಿ ಹೋದ. ಕತ್ತಿಯೂ ಅವನ ಜೊತೆ ಹೋಯಿತು.

ಹೆಂಗಸು ದಡಕ್ಕೆ ಬಂದು ನಡೆದದ್ದನ್ನು ಹೇಳಿದಳು. ಧಣಿ ಕಣ್ಣೊರೆಸಿಕೊಂಡ. "ಎಂಥ ನಿಯತ್ತಿನ ಆಳು! ಸಾಯುವಾಗಲೂ ನನ್ನ ಗಂಟಿಗೆ ಕೈ ಹಚ್ಚಲಿಲ್ಲ" ಎಂದ. ಜನ ಹೌದು ಹೌದು ಅಂದರು. ಮರುವರ್ಷ ಧಣಿ ಹದಿಮೂರು ಮೊಳದ ಪಟ ಹೊಲಿಸಿದ. ಅದಕ್ಕೆ ಸತ್ತ ಆಳಿನ ಹೆಸರಿಟ್ಟ. ಅದನ್ನು ಒಯ್ಯಲು ಆಳುಗಳು ನಾ ಮುಂದು ತಾ ಮುಂದು ಎಂದು ಬಂದರು.

ಮಾಸ್ತರು ಕತೆ ನಿಲ್ಲಿಸಿದರು. ದಂಡೆಯ ಮೇಲಿನ ಮೈಕು ಮೂರನೆಯ ಸಲ ವನಿತಾಳ ಹೆಸರು ಕೂಗಿತು. ಹೆಸರಿನ ಹಿಂದೆ ರೆಸಾರ್ಟಿನ ಹೆಸರನ್ನೂ ಕೂಗಿತು. ಅತಿಥಿಗಳು ಚಪ್ಪಾಳೆ ತಟ್ಟಿದರು.

ವನಿತಾ ಎದ್ದಳು. ಹನ್ನೆರಡರ ಚೀಲವನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದಳು. "ಅರ್ಥವಾಯಿತು ಮಾಸ್ತರೇ. ಅವರು ಏನಾದರೂ ಅಂದುಕೊಳ್ಳಲಿ. ಏಳರದ್ದನ್ನೇ ಹಾರಿಸುತ್ತೇನೆ" ಎಂದಳು. ಅವಳ ಮುಖದಲ್ಲಿ ಗೆಲುವಿತ್ತು.

ಮಾಸ್ತರು ಆ ಗೆಲುವನ್ನು ಮೊದಲೂ ನೋಡಿದ್ದರು. ಕತೆ ಕೇಳಿದವರೆಲ್ಲ ಚಿಕ್ಕ ಪಟದವರೆಗೆ ಬರುತ್ತಿದ್ದರು. ಅಲ್ಲಿಗೆ ನಿಲ್ಲುತ್ತಿದ್ದರು. ಏಳರ ಪಟವೂ ಒಂದು ನುಗ್ಗಿಗೆ ಹುಡುಗಿಯನ್ನು ಬಂಡೆಗೆ ಹೊಡೆಯಬಲ್ಲದು. ಹಿಡಿಕೋಲಿನ ಬುಡದಲ್ಲಿ, ಹೊಕ್ಕುಳ ಮುಂದೆ, ಪಟವನ್ನು ಒಂದೇ ಸಲಕ್ಕೆ ಬಿಟ್ಟುಬಿಡುವ ಕೆಂಪು ಹಿಡಿಯೊಂದಿರುತ್ತದೆ. ಮೊದಲ ದಿನ ಅವರು ಅವಳಿಗೆ ಬೇರೇನನ್ನೂ ಕಲಿಸಿರಲಿಲ್ಲ. ಅದೊಂದನ್ನೇ ಕಲಿಸಿದ್ದರು.

ಅವರು ಮರಳಿಗೆ ಕೈಯೂರಿ ಕಷ್ಟಪಟ್ಟು ಎದ್ದರು.

"ಪಟದ ಮಾತು ಆಮೇಲೆ; ಮೊದಲು ಕಣ್ಣು ಮುಚ್ಚಿ ಆ ಕೆಂಪು ಹಿಡಿ ಎಳೆದು ತೋರಿಸು."

ವನಿತಾ ಕಣ್ಣು ಮುಚ್ಚಿದಳು. ಬಲಗೈ ಹೊಕ್ಕುಳ ಬಳಿ ಹೋಯಿತು, ರೆಸಾರ್ಟಿನ ಹಳದಿ ಬಟ್ಟೆಗೆ ತಾಗಿ ಅಲ್ಲೇ ನಿಂತಿತು.