ಕಂಬದ ಬುಡದ ಗಂಗಹನುಮಕ್ಕ

ಬಾಳ ಹಿಂದೆ ಒಂದೂರಿತ್ತು ಕಣ್ರಪ್ಪ. ಆ ಊರಿಗೆ ಇನ್ನೂ ಕರೆಂಟು ಬಂದಿರಲಿಲ್ಲ, ಸಿನಿಮಾ ಬಂದಿತ್ತು. ಊರಾಚೆ ಬಯಲಲ್ಲಿ ರುದ್ರಮುನಿ ಅನ್ನೋನು ಟೆಂಟು ಹಾಕಿದ್ದ. ಆ ಟೆಂಟಿನ ನಡುಗಂಬಕ್ಕೆ ಒರಗಿಕೊಂಡು ಗಂಗಹನುಮಕ್ಕ ಹುರಿದ ಕಡ್ಲೆಕಾಯಿ ಮಾರ್ತಿದ್ದಳು. ಗಂಡ ಇಲ್ಲ, ಮಕ್ಕಳಿಲ್ಲ, ತುಂಡು ಹೊಲ ಇಲ್ಲ. ಆ ಕಂಬದ ಬುಡವೇ ಅವಳ ಬದುಕು.

ಅವಳ ಬಿದಿರು ಮಂಕರಿ ಬರಿದಾಗ್ತಲೇ ಇರಲಿಲ್ಲ ಅಂತಾರೆ. ಅವಳು ಮರಳು ಕಾಯಿಸಿ ಹುರಿಯೋಕೆ ಕೂತರೆ ಸುತ್ತೂರಿಗೆಲ್ಲ ಘಮ ಹೋಗಿ, ಯಾವ ಸಿನಿಮಾ ಅಂತಾನೂ ಕೇಳದೆ ಜನ ಗಾಡಿ ಕಟ್ಟಿಕೊಂಡು ಬರ್ತಿದ್ದರು ಅಂತಾರೆ. ಒಂದು ಸಲ ರೀಲು ಸುಟ್ಟುಹೋಗಿ, ಜನ ಟೆಂಟಿಗೇ ಬೆಂಕಿ ಇಡ್ತೀವಿ ಅಂತ ಎದ್ದರಂತೆ. ಇವಳು ಒಬ್ಬೊಬ್ಬರ ಮಡಿಲಿಗೂ ಒಂದೊಂದು ಹಿಡಿ ಹಾಕ್ತಾ ಹೋದಳಂತೆ. ಬಾಯ್ತುಂಬ ಕಡ್ಲೆಕಾಯಿ ಇಟ್ಕೊಂಡು ಯಾರು ಕೂಗಾಡ್ತಾರೆ? ಕೂತರು. ನಾನು ಕಂಡಿಲ್ಲಪ್ಪ, ನಮ್ಮಜ್ಜಿ ಹೇಳಿದ್ದು.

ಇದು ಮಾತ್ರ ನಿಜ. ಆಟ ಬಿಟ್ಟ ಮೇಲೆ ರುದ್ರಮುನಿ ಲಾಟೀನು ಹಿಡಿದು ನೆಲದ ಮೇಲಿನ ಸಿಪ್ಪೆ ನೋಡ್ತಿದ್ದ. ಸಿಪ್ಪೆ ರಾಶಿ ಬಿದ್ದಿದ್ದರೆ ಜನ ಬೇಜಾರಿಗೆ ತಿಂದಿದ್ದಾರೆ, ಆ ಸಿನಿಮಾ ತೆಗೆದು ಬೇರೆ ಹಾಕಬೇಕು. ಸಿಪ್ಪೆ ಕಮ್ಮಿ ಇದ್ದರೆ ಜನ ತಿನ್ನೋದನ್ನೂ ಮರೆತು ನೋಡಿದ್ದಾರೆ, ಇನ್ನಷ್ಟು ದಿನ ಓಡಿಸಬಹುದು. ಅಂದರೆ ಅವನಿಗೆ ಸುಗ್ಗಿಯಾದ ದಿನ ಇವಳಿಗೆ ವ್ಯಾಪಾರವಿಲ್ಲ. ಆದರೂ ತುಂಬಿದ ಮಂಕರಿ ಹೊತ್ತುಕೊಂಡು, ಈ ಸಿನಿಮಾನ ತೆಗೀಬೇಡ ಕಣಪ್ಪ ಅಂತ ಇವಳೇ ಹೇಳಿ ಹೋಗ್ತಿದ್ದಳು. ಹಾಗೆ ಅವನು ಮೇಲೆ ಬಂದ. ಗೋಡೆ ಕಟ್ಟಿ ಥಿಯೇಟರು ಮಾಡಿದರೂ ಕಂಬದ ಬುಡ ಹನುಮಕ್ಕಂದೇ ಅಂತ ಊರೆಲ್ಲ ಕೇಳೋ ಹಾಗೆ ಮಾತು ಕೊಟ್ಟಿದ್ದ.

ಗೋಡೆ ಎದ್ದಿತು, ಕುರ್ಚಿ ಬಂದವು. ಮೊದಲ ಆಟದ ದಿನ ಇವಳು ಒಗೆದ ಸೀರೆ ಉಟ್ಟು, ಮಂಕರಿ ಹೊತ್ತು ಬಂದಳು. ಬಾಗಿಲಲ್ಲೇ ತಡೆದರು. ಒಳಗೆ ಯಜಮಾನರ ಬಾಮೈದ ಕ್ಯಾಂಟೀನು ಇಟ್ಟಿದ್ದಾನೆ, ಹೊರಗಿನ ತಿಂಡಿ ಬಿಡಲ್ಲ, ಸಿಪ್ಪೆ ಬಿದ್ದರೆ ಗಲೀಜು ಅಂದರು. ಅಷ್ಟರಲ್ಲಿ ರುದ್ರಮುನಿಯೇ ಬಂದ.

"ನನ್ನ ಕಂಬ ಎಲ್ಲಪ್ಪ?" ಅಂದಳಂತೆ.

"ಗೋಡೆ ಇದ್ದ ಮೇಲೆ ಕಂಬ ಯಾಕಕ್ಕ?" ಅಂದನಂತೆ.

ಅವಳು ಊರಿನವರ ಕಡೆ ತಿರುಗಿದಳು. ಅವಳ ಕೈಯಿಂದ ತಿಂದು ಬೆಳೆದವರೇ ಎಲ್ಲರೂ. ಆ ಮಾತು ಕೊಟ್ಟಾಗ ಇದ್ದವರೇ ಎಲ್ಲರೂ. ಗಂಟೆ ಹೊಡೀತು. ಅವರೆಲ್ಲ ಅವಳನ್ನ ದಾಟಿ ಕುರ್ಚಿ ಹಿಡಿಯೋಕೆ ನುಗ್ಗಿದರು. ಆ ನೂಕಾಟದಲ್ಲಿ ಮಂಕರಿ ಬಿತ್ತು, ಕಡ್ಲೆಕಾಯಿ ಎಲ್ಲರ ಕಾಲಡಿ ಪಟಪಟ ಅಂತು. ಆಟ ಬಿಟ್ಟು ಬಂದಾಗ ಅವಳಿರಲಿಲ್ಲ. ಆಮೇಲೆ ಅವಳನ್ನ ಕಂಡವರಿಲ್ಲ.

ಇವತ್ತಿಗೂ ಆ ಊರಲ್ಲಿ ಸಿನಿಮಾಕ್ಕೆ ಹೋಗೋರು ಸೊಂಟದಲ್ಲಿ, ಸೆರಗಿನಲ್ಲಿ ಒಂದು ಹಿಡಿ ಕಡ್ಲೆಕಾಯಿ ಬಚ್ಚಿಟ್ಟುಕೊಂಡು ಹೋಗ್ತಾರೆ. ಹನುಮಕ್ಕನ ಹೆಸರಿಗೆ ಅಂತಾರೆ. ದೀಪ ಆರೋವರೆಗೂ ಯಾರೂ ಹೊರಗೆ ತೆಗೆಯಲ್ಲ.