ಹುಣಸೆಬೀಜ ದಾಟಿದ ಹೊಳೆ

"ಮೇಡಂ, ನೂರು ಸಲ ಓಡಿಸಿದೆವು. ನೂರು ಸಲವೂ ಒಂದೇ ಉತ್ತರ ಬಂತು. ಆದರೂ ಸಹಿ ಹಾಕಲು ನನ್ನ ಕೈ ಏಳುತ್ತಿಲ್ಲ. ಯಾಕೆ?"

ಭುವನೇಶ್ವರಿ ಈ ಪ್ರಶ್ನೆ ಕೇಳಿದ್ದು ಇಂದುಮತಿ ಮೇಡಂ ಮನೆಯಲ್ಲಿ, ನಿಂತುಕೊಂಡೇ. ಮೇಡಂ ಎರಡು ಸಲ ಕುರ್ಚಿ ತೋರಿಸಿದ್ದರು. ಎರಡು ಸಲವೂ ಅವಳು ಕೂತು, ಕೂತ ಹಾಗೆಯೇ ಎದ್ದಿದ್ದಳು.

ಇಂದುಮತಿ ಮೇಡಂ ಊರಿನ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಪಾಠ ಹೇಳಿದವರು. ಅಲ್ಲಿ ಸಿಮ್ಯುಲೇಷನ್ ಪಾಠವನ್ನು ಶುರು ಮಾಡಿದವರೂ ಅವರೇ. ಹೊರಗೆ ನಡೆಯುವ ಒಂದು ಕೆಲಸವನ್ನು ಕಂಪ್ಯೂಟರಿನೊಳಗೆ ಮಾದರಿಯಾಗಿ ಕಟ್ಟಿ, ಮತ್ತೆ ಮತ್ತೆ ನಡೆಸಿ, ಏನಾಗುತ್ತದೆಂದು ಮೊದಲೇ ನೋಡುವ ವಿದ್ಯೆ ಅದು. ಅವರು ನಿವೃತ್ತರಾದ ಮೇಲೆ ಆ ಪಾಠ ಅವರ ಶಿಷ್ಯೆ ಭುವನೇಶ್ವರಿಗೆ ಬಂತು. ಈಗ ಅವಳಿಗೆ ಅದು ಎರಡನೆಯ ವರ್ಷ.

"ಮೊದಲು ಏನಾಯಿತು ಹೇಳು," ಎಂದರು ಮೇಡಂ. "ನಿಂತುಕೊಂಡಾದರೂ ಹೇಳು, ಕೂತಾದರೂ ಹೇಳು. ನಡುವೆ ಏಳಬೇಡ. ನನಗೆ ತಲೆ ತಿರುಗುತ್ತದೆ."

ಭುವನೇಶ್ವರಿ ಕೂತಳು.

ಅವಳ ವಿದ್ಯಾರ್ಥಿಗಳಲ್ಲಿ ಒಂದು ತಂಡ ತಾಲ್ಲೂಕು ಆಸ್ಪತ್ರೆಯ ಸಾಲನ್ನು ಮಾದರಿ ಮಾಡಿತ್ತು. ಅಲ್ಲಿ ಚೀಟಿ ಕೊಡುವ ಕಿಟಕಿಗಳು ಎರಡು. ಎರಡೂ ಬೇಕೇ, ಒಂದು ಸಾಕೇ ಎಂದು ವೈದ್ಯಾಧಿಕಾರಿಗಳು ಕೇಳಿದ್ದರು. ಒಂದು ಸಾಕಾದರೆ ಇನ್ನೊಂದು ಕಿಟಕಿಯ ಗುಮಾಸ್ತೆಯನ್ನು ಔಷಧಿ ವಿಭಾಗಕ್ಕೆ ಹಾಕಬಹುದು, ಅಲ್ಲಿ ಕೈ ಸಾಲದಾಗಿದೆ. ತಂಡದವರು ಹನ್ನೆರಡು ದಿನ ಬಾಗಿಲಲ್ಲಿ ನಿಂತು ಎಣಿಸಿದರು. ಎಣಿಸಿದ್ದನ್ನು ಮಾದರಿಗೆ ಕೊಟ್ಟರು. ಒಂದೇ ಕಿಟಕಿ ಇಟ್ಟು ಓಡಿಸಿದಾಗಲೂ ಯಾರೂ ಒಂಬತ್ತು ನಿಮಿಷಕ್ಕಿಂತ ಹೆಚ್ಚು ಕಾಯಲಿಲ್ಲ. ವರದಿ ತಯಾರಾಯಿತು. ಅಧ್ಯಾಪಕಿಯ ಸಹಿ ಬಿದ್ದರೆ ಮುಂದಿನ ಸೋಮವಾರದಿಂದ ಒಂದು ಕಿಟಕಿ ಮುಚ್ಚುತ್ತದೆ. ವರದಿ ಇವತ್ತು ನಾಲ್ಕು ಗಂಟೆಗೆ ಆಸ್ಪತ್ರೆಗೆ ತಲುಪಬೇಕು. ಈಗ ಹನ್ನೆರಡೂವರೆ.

"ತಂಡದ ಹುಡುಗಿ ಶಾಹಿದಾ ಏನಂದಳು ಗೊತ್ತೇ ಮೇಡಂ? 'ಕಂಪ್ಯೂಟರ್ ನೂರು ಸಲ ಹೇಳಿದ ಮೇಲೂ ಜಾತಕ ತೋರಿಸಬೇಕೇನು ಮಿಸ್' ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಮೂರು ದಿನದಿಂದ ವರದಿಯನ್ನು ಚೀಲದಲ್ಲೇ ಇಟ್ಟುಕೊಂಡು ತಿರುಗುತ್ತಿದ್ದೇನೆ."

"ತಪ್ಪು ಹುಡುಕಿದೆಯಾ?"

"ಸಾಲು ಸಾಲು ಓದಿದೆ. ಸಿಗಲಿಲ್ಲ. ಎಲ್ಲವನ್ನೂ ಪಾಠದಲ್ಲಿರುವ ಹಾಗೆಯೇ ಮಾಡಿದ್ದಾರೆ. ಮಾದರಿ ಬರಿದಾಗಿ ಶುರುವಾಗುತ್ತದೆ, ಹಾಗಾಗಿ ಮೊದಲ ಹೊತ್ತಿನ ಲೆಕ್ಕ ನಂಬುವಂಥದ್ದಲ್ಲ, ಸಾಲು ಒಂದು ಹದಕ್ಕೆ ಬಂದ ಮೇಲೆ ಎಣಿಸಬೇಕು. ಆ ನಿಯಮದಂತೆ ಮೊದಲ ಒಂದು ಗಂಟೆಯ ಎಣಿಕೆಯನ್ನು ಬಿಟ್ಟಿದ್ದಾರೆ. ಬಿಡಲು ಹೇಳಿದವಳು ನಾನೇ."

ಇಂದುಮತಿ ಮೇಡಂ ವರದಿಯನ್ನು ಮುಟ್ಟಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಕೇಳು" ಎಂದು ಒಂದು ಕತೆ ಹೇಳಿದರು.

ಒಂದು ಹೊಳೆ. ಹೊಳೆಯ ಈ ದಡದಲ್ಲಿ ಒಂದು ಊರು, ಆ ದಡದಲ್ಲಿ ಪೇಟೆ. ದಾಟುವವರಿಗೆ ಎರಡು ಹರಿಗೋಲು. ಹುಟ್ಟು ಹಾಕುವವರು ಇಬ್ಬರು ಅಂಬಿಗರು, ಅಣ್ಣ ಮತ್ತು ತಮ್ಮ. ಸೆಳವು ಜೋರು, ಹೋಗಿ ಬರಲು ಒಂದು ತಾಸು ಹಿಡಿಯುತ್ತಿತ್ತು.

ಆ ಸೀಮೆಯ ಒಡೆಯ ಮೇಲಿನ ದಂಡೆಯಲ್ಲಿ ಸೇತುವೆಯ ಕೆಲಸ ಹಿಡಿದಿದ್ದ. ಕಲ್ಲು ಸಾಗಿಸಲು ಹರಿಗೋಲು ಬೇಕಾಯಿತು. ಊರಿನ ಎರಡರಲ್ಲಿ ಒಂದನ್ನು ಕಳಿಸಬಹುದೇ ಎಂದು ತಿಳಿಯಲು ಒಬ್ಬ ಲೆಕ್ಕಿಗನನ್ನು ಕರೆಸಿದ.

ಲೆಕ್ಕಿಗ ಜಾಣ. ಕೆರೆಯ ತೂಬಿನ ನೀರನ್ನು ಅಳೆದು ಹೆಸರಾದವನು. ತೂಬು ತೆರೆದಾಗ ಮೊದಲು ನುಗ್ಗುವ ನೀರನ್ನು ಅಳೆಯಬಾರದು, ಹರಿವು ನೆಲೆಯಾಗುವವರೆಗೆ ಕಾಯಬೇಕು. ಇದನ್ನು ಅವನಿಗೆ ಅವನ ಗುರು ಕಲಿಸಿದ್ದರು. ಅವನು ಹಾಗೆಯೇ ಅಳೆದ. ಹನ್ನೊಂದು ಊರುಗಳಿಗೆ ಅವನ ಲೆಕ್ಕದಂತೆ ನೀರು ಹಂಚಿಕೆಯಾಯಿತು. ಎಲ್ಲಿಯೂ ಜಗಳವಾಗಲಿಲ್ಲ. ಒಡೆಯ ಶಾಲು ಹೊದಿಸಿದ.

ಲೆಕ್ಕಿಗ ಹೊಳೆಯ ದಡಕ್ಕೆ ಬಂದ. ಬೆಳಕು ಹರಿಯುವ ಮುಂಚೆ ಅಲ್ಲಿ ಗದ್ದಲವೋ ಗದ್ದಲ. ಮೊಸರಿನವರು, ಹೂವಿನವರು, ಬುಟ್ಟಿ ಹೊತ್ತವರು, ಮೇಕೆ ಹಿಡಿದವರು, ಅಳುವ ಮಕ್ಕಳು. ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಇದು ತೂಬಿನ ಮೊದಲ ನೀರು ಎಂದುಕೊಂಡ ಲೆಕ್ಕಿಗ ಮರದ ಕೆಳಗೆ ಕೂತ. ಗದ್ದಲ ಕರಗಿತು. ಜನ ಇಬ್ಬರು ಮೂವರಾಗಿ ಬರತೊಡಗಿದರು. ಆಗ ಲೇಖನಿಯನ್ನು ಮಸಿಯಲ್ಲಿ ಅದ್ದಿದ.

ನಲವತ್ತು ದಿನ ಹೀಗೆ ಬರೆದ. ಒಂದು ದಿನವೂ ತಪ್ಪಿಸಲಿಲ್ಲ.

ಆಮೇಲೆ ಮನೆಯ ಪಡಸಾಲೆಯಲ್ಲಿ ಸುಣ್ಣದಿಂದ ಹೊಳೆ ಬರೆದ. ಒಂದು ತೆಂಗಿನ ಚಿಪ್ಪು ಇಟ್ಟ, ಅದು ಹರಿಗೋಲು. ಹುಣಸೆಬೀಜ ತಂದ, ಅವು ಜನ. ಬರೆದ ಲೆಕ್ಕದಂತೆ ಬೀಜಗಳನ್ನು ದಡಕ್ಕೆ ತಂದು, ಚಿಪ್ಪಿನಲ್ಲಿ ತುಂಬಿ, ದಾಟಿಸಿದ. ಒಂದು ಚಿಪ್ಪು ಸಾಕಾಯಿತು. ಮತ್ತೆ ಆಡಿಸಿದ. ಮತ್ತೆ ಸಾಕಾಯಿತು. ನೂರು ಸಲ ಆಡಿಸಿದ. ಬೀಜಗಳು ಚಿಪ್ಪಿಗೆ ಕಾದದ್ದಕ್ಕಿಂತ ಚಿಪ್ಪೇ ಬೀಜಗಳಿಗೆ ಹೆಚ್ಚು ಕಾಯಿತು.

ಅವನ ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. "ಸಾರಿಗೆ ಹುಣಸೆ ಇಲ್ಲ, ನಿಮ್ಮ ಹೊಳೆ ದಾಟಲು ಬೀಜ ಇದೆ" ಎಂದಳು. ಲೆಕ್ಕಿಗ ನಕ್ಕು ಲೆಕ್ಕವನ್ನು ಒಡೆಯನಿಗೆ ಕೊಟ್ಟ.

ತಮ್ಮನ ಹರಿಗೋಲು ಸೇತುವೆಗೆ ಹೋಗಬೇಕೆಂದು ಅಪ್ಪಣೆಯಾಯಿತು. ಅಣ್ಣ ಲೆಕ್ಕಿಗನ ಮನೆಗೆ ಬಂದ.

"ಬೆಳಗಿನ ಹೊತ್ತು ಒಂದು ಸಲ ದಡಕ್ಕೆ ಬನ್ನಿ ಸ್ವಾಮಿ."

"ನಲವತ್ತು ದಿನವೂ ಬೆಳಗಿನ ಹೊತ್ತಿಗೇ ಬಂದಿದ್ದೇನಪ್ಪ. ನೀನೇ ನೋಡಿದ್ದೀಯ."

"ನೀವು ಬಂದಿದ್ದಿರಿ. ನಿಮ್ಮ ಲೇಖನಿ ಬರುವಷ್ಟರಲ್ಲಿ ಬಿಸಿಲೇರಿರುತ್ತಿತ್ತು."

ಲೆಕ್ಕಿಗನಿಗೆ ಸಿಟ್ಟು ಬಂತು. ತೂಬಿನ ಲೆಕ್ಕವನ್ನು ಅಂಬಿಗನಿಗೆ ವಿವರಿಸಿ ಹೇಳಿದ. ಅಂಬಿಗ ಪೂರ್ತಿ ಕೇಳಿದ. "ನೀರಿಗೆ ಅದು ಸರಿ ಇರಬೇಕು" ಎಂದು ಹೊರಟುಹೋದ.

ಒಂದು ಹರಿಗೋಲು ಉಳಿಯಿತು. ಎಂಟು ದಿನ ಜನ ಗೊಣಗಿದರು. ಒಡೆಯ ಅದನ್ನು ಗೊಣಗಾಟ ಎಂದುಕೊಂಡ. ಲೆಕ್ಕಿಗನೂ ಹಾಗೆಯೇ ಎಂದುಕೊಂಡ.

ಒಂಬತ್ತನೆಯ ದಿನದ ಹಿಂದಿನ ಸಂಜೆ ಪೇಟೆಯ ಒಬ್ಬ ನೇಕಾರನ ಹೆಂಡತಿಗೆ ನೋವು ಶುರುವಾಯಿತು. ಸೂಲಗಿತ್ತಿ ಇದ್ದದ್ದು ಈ ದಡದಲ್ಲಿ. ಕತ್ತಲಾದ ಮೇಲೆ ಹೊಳೆಯಲ್ಲಿ ಹರಿಗೋಲು ಇಳಿಸುವುದಿಲ್ಲ. ಈ ದಡಕ್ಕೆ ಮರಳುತ್ತಿದ್ದ ದಿನದ ಕೊನೆಯ ಹರಿಗೋಲಿನವರ ಕೈಯಲ್ಲಿ, ಬೆಳಗಿನ ಮೊದಲ ಹರಿಗೋಲಿಗೆ ಬರಬೇಕೆಂದು ಹೇಳಿಕಳಿಸಿದರು. ಸೂಲಗಿತ್ತಿ ಬೆಳಕು ಹರಿಯುವ ಮುಂಚೆಯೇ ದಡಕ್ಕೆ ಬಂದಳು. ಅವಳ ಮುಂದೆ ಜನ ತುಂಬಿದ್ದರು. ದಾರಿ ಬಿಡಿ ಎಂದು ಕೂಗಿದಳು. ಅಲ್ಲಿ ಎಲ್ಲರೂ ಕೂಗುತ್ತಿದ್ದರು. ಮೊದಲ ಹರಿಗೋಲು ಹೋಯಿತು. ಎರಡನೆಯ ಸಲವೂ ತುಂಬಿ ಹೋಯಿತು. ಮೂರನೆಯ ಸಲ ಅಣ್ಣ ಅಂಬಿಗನ ಕಣ್ಣಿಗೆ ಅವಳು ಬಿದ್ದಳು. ಅವನು ನಾಲ್ಕು ಜನರನ್ನು ಇಳಿಸಿ ಅವಳನ್ನು ಹತ್ತಿಸಿಕೊಂಡ.

ಅವಳು ಹೋಗುವಷ್ಟರಲ್ಲಿ ಬಿಸಿಲೇರಿತ್ತು. ಮಗು ಉಳಿಯಿತು. ತಾಯಿ ಉಳಿಯಲಿಲ್ಲ.

ಸುದ್ದಿ ಲೆಕ್ಕಿಗನಿಗೆ ತಿಳಿಯಿತು. ಅವನು ಊಟಕ್ಕೆ ಏಳಲಿಲ್ಲ. ಪಡಸಾಲೆಯಲ್ಲಿ ಮತ್ತೆ ಸುಣ್ಣದಿಂದ ಹೊಳೆ ಬರೆದ. ಚಿಪ್ಪು ಇಟ್ಟ. ಬೀಜಗಳಲ್ಲಿ ಒಂದಕ್ಕೆ ಕುಂಕುಮ ಹಚ್ಚಿದ, ಅದು ಸೂಲಗಿತ್ತಿ. ತನ್ನ ಪುಸ್ತಕದ ಲೆಕ್ಕದಂತೆ ಆಡಿಸಿದ. ನೂರು ಸಲ ಆಡಿಸಿದ.

ನೂರು ಸಲವೂ ಸೂಲಗಿತ್ತಿ ಮೊದಲ ಹರಿಗೋಲಿನಲ್ಲೇ ದಾಟಿದಳು.

ಮೇಡಂ ಇಲ್ಲಿಗೆ ನಿಲ್ಲಿಸಿದರು.

ಭುವನೇಶ್ವರಿ ಎದ್ದಳು. ಏಳಬೇಡ ಎಂದಿದ್ದು ನೆನಪಾಗಿ ಕೂತಳು. ಮತ್ತೆ ಎದ್ದಳು.

"ಆದರೆ ನಿಯಮ ತಪ್ಪಲ್ಲವಲ್ಲ ಮೇಡಂ? ಹಗಲೂ ರಾತ್ರಿ ನಡೆಯುವ ಕಾರ್ಖಾನೆಗೆ ಅದು ಬೇಕೇ ಬೇಕು. ಕಾರ್ಖಾನೆ ಎಂದೂ ಬರಿದಾಗಿರುವುದಿಲ್ಲ, ಮಾದರಿ ಮಾತ್ರ ಬರಿದಾಗಿ ಶುರುವಾಗುತ್ತದೆ. ಅದಕ್ಕೇ ಮೊದಲ ಹೊತ್ತನ್ನು ಬಿಡುವುದು."

"ಸರಿ. ಆಸ್ಪತ್ರೆ ಹಗಲೂ ರಾತ್ರಿ ಚೀಟಿ ಕೊಡುತ್ತದೆಯೇ?"

"ಇಲ್ಲ. ಎಂಟೂವರೆಗೆ ಬಾಗಿಲು ತೆರೆಯುತ್ತಾರೆ."

"ಹಳ್ಳಿಗಳ ಮೊದಲ ಬಸ್ಸು ಎಷ್ಟಕ್ಕೆ ಬರುತ್ತದೆ?"

"ಏಳೂವರೆ," ಎಂದಳು ಭುವನೇಶ್ವರಿ. ಅವಳ ದನಿ ಇಳಿಯಿತು. "ಎಂಟಕ್ಕೆ ಇನ್ನೊಂದು."

"ವೈದ್ಯಾಧಿಕಾರಿಗಳು?"

"ಅವರು ಬರುವುದು ಹತ್ತಕ್ಕೆ."

"ಹಾಗಾದರೆ ಅವರಿಗೂ ಒಂದೇ ಕಿಟಕಿ ಸಾಕು ಅನಿಸಿರುತ್ತದೆ. ಪಾಪ, ಅವರ ತಪ್ಪೇನಿಲ್ಲ," ಎಂದರು ಮೇಡಂ. "ಮೊದಲ ಗಂಟೆಯ ಎಣಿಕೆ ಎಲ್ಲಿ? ಹರಿದು ಹಾಕಿಸಿದೆಯಾ?"

ಹರಿದಿರಲಿಲ್ಲ. ಹನ್ನೆರಡು ಹಾಳೆಗಳೂ ಅವಳ ಚೀಲದಲ್ಲೇ ಇದ್ದವು. ತೆಗೆದಳು. ಮಕ್ಕಳ ಕೈಬರಹ. ಮೊದಲ ದಿನ, ಬಾಗಿಲು ತೆರೆಯುವಾಗ ಹೊರಗೆ ನಿಂತವರು ನೂರ ನಲವತ್ತೊಂದು. ಎರಡನೆಯ ದಿನ ನೂರ ಮೂವತ್ತೆಂಟು. ಮೂರನೆಯ ದಿನ ಸಂತೆ, ನೂರ ಎಪ್ಪತ್ತು. ಒಂದು ಕಿಟಕಿ ಗಂಟೆಗೆ ಎಪ್ಪತ್ತು ಜನಕ್ಕೆ ಚೀಟಿ ಕೊಡುತ್ತದೆ. ಅವಳು ಮನಸ್ಸಿನಲ್ಲೇ ಭಾಗಿಸಿದಳು. ಎರಡು ಗಂಟೆ. ಸಂತೆಯ ದಿನ ಇನ್ನೂ ಹೆಚ್ಚು. ನಾಲ್ಕನೆಯ ಹಾಳೆಯ ಅಂಚಿನಲ್ಲಿ ಶಾಹಿದಾ ಬರೆದಿದ್ದಳು: ಒಬ್ಬ ಅಜ್ಜಿ ನಿಲ್ಲಲಾರದೆ ಮೆಟ್ಟಿಲ ಮೇಲೆ ಮಲಗಿದರು, ಅವರನ್ನು ಎಣಿಸಬೇಕೋ ಬೇಡವೋ, ಮಿಸ್‌ನ ಕೇಳಬೇಕು.

"ಕೇಳಿದ್ದಳೇ?"

"ಕೇಳಿದ್ದಳು ಮೇಡಂ. ಆ ಗಂಟೆಯೇ ಬೇಡ, ಬಿಡು ಅಂದೆ."

ಭುವನೇಶ್ವರಿ ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡಳು. ವರದಿಯ ಸಹಿಯ ಜಾಗದಲ್ಲಿ ಒಂದು ಅಡ್ಡಗೆರೆ ಎಳೆದಳು. ಅದರ ಕೆಳಗೆ, ಏಳೂವರೆಯಿಂದ ಎಣಿಸಿ ಹೊಸದಾಗಿ ಓಡಿಸುವವರೆಗೆ ಎರಡು ಕಿಟಕಿಗಳೂ ತೆರೆದಿರಲಿ ಎಂದು ಬರೆದಳು. ತಾರೀಖು ಹಾಕಿದಳು.

"ನಾಲ್ಕರ ತನಕ ಕಾಯಬೇಡ. ಈಗಲೇ ಕೊಟ್ಟು ಬಾ," ಎಂದರು ಮೇಡಂ.

ಅವಳು ಬಾಗಿಲ ತನಕ ಹೋದಳು. ಚಪ್ಪಲಿ ಮೆಟ್ಟಿದಳು. ಆದರೆ ಮನಸ್ಸು ನಿಲ್ಲಲಿಲ್ಲ. ತಿರುಗಿ ಕೇಳಿದಳು:

"ಮೇಡಂ, ಆ ಲೆಕ್ಕಿಗ ಆಮೇಲೆ ಏನಾದ?"

ಇಂದುಮತಿ ಮೇಡಂ ಕನ್ನಡಕ ಹಾಕಿಕೊಂಡರು.

"ಸೀರೆ ಉಟ್ಟುಕೊಂಡು ಕಾಲೇಜಿಗೆ ಹೋಗಿ, ನಿನಗೆ ಅದೇ ತೂಬಿನ ಪಾಠ ಹೇಳಿದ."