ನುಂಗಿದ ನೀರು

"ಗುರುಗಳೇ, ಮನಸ್ಸಿನಲ್ಲಿ ಸಿಟ್ಟಿದ್ದರೂ ಅದನ್ನು ಬಾಯಿಬಿಟ್ಟು ಆಡದೆ ಇರುವುದು ಸಹನೆಯಲ್ಲವೇ?" ಎಂದು ಶಿಷ್ಯನು ಕೇಳಿದನು.

ಗುರುಗಳು ಒಂದು ಕತೆ ಹೇಳತೊಡಗಿದರು.

ಆಫ್ರಿಕಾದ ಮೂಡಣ ಸೀಮೆಯ ಬೆಟ್ಟಗಳಲ್ಲಿ ವಕೇಶೊ ಎಂಬ ಹೆಂಗಸು ಮಡಕೆ ಮಾಡಿ ಬದುಕುತ್ತಿದ್ದಳು. ಗಂಡ ತೀರಿಕೊಂಡಿದ್ದನು. ಒಬ್ಬಳೇ ಮಗಳು. ಎದುರು ಬೆಟ್ಟದಲ್ಲಿ ಅವಳ ತಮ್ಮ ಮ್ವಾಕಿಯೊನ ಮನೆ.

ಒಂದು ದಿನ ಮಗಳಿಗೆ ಜ್ವರ ಏರಿತು. ವೈದ್ಯನಿದ್ದದ್ದು ಬೆಟ್ಟದ ಬುಡದಲ್ಲಿ. ಮಗುವನ್ನು ಹೊತ್ತುಕೊಂಡು ಇಳಿಯಬೇಕು, ಬೇಗ ಬಾ ಎಂದು ವಕೇಶೊ ತಮ್ಮನಿಗೆ ಹೇಳಿ ಕಳುಹಿಸಿದಳು. ದನದ ಬೇಲಿ ಅರ್ಧಕ್ಕೆ ನಿಂತಿದೆ, ನಾಳೆ ಬೆಳಿಗ್ಗೆಯೇ ಬರುತ್ತೇನೆ ಎಂದು ಅವನು ಹೇಳಿಸಿದನು. ಅವನು ಬಂದಾಗ ಮಗು ತೀರಿಕೊಂಡಿತ್ತು. ಅವನು ಅಂಗಳದಲ್ಲಿ ಕುಳಿತು ಅತ್ತನು. ಅವಳು ಒಂದು ಮಾತೂ ಆಡಲಿಲ್ಲ.

ಆ ಊರಿನವರಿಗೆ ಒಂದು ಆಚರಣೆಯಿತ್ತು. ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದರೆ, ಬಂಧುಗಳ ಎದೆಯಲ್ಲಿ ಉಳಿದ ಸಿಟ್ಟೇ ಅದಕ್ಕೆ ಕಾರಣವೆಂದು ಅವರು ನಂಬಿದ್ದರು. ಎಲ್ಲರೂ ಬಂದು ಸೇರುತ್ತಿದ್ದರು. ಒಬ್ಬೊಬ್ಬರೂ ತಮ್ಮ ಸಿಟ್ಟನ್ನು ಎದುರಿಗೇ ಹೇಳಿ, ಒಂದು ಗುಟುಕು ನೀರನ್ನು ಬಾಯಿಗೆ ಹಾಕಿಕೊಂಡು, ಅದನ್ನು ಹೊಸ್ತಿಲಾಚೆ ಉಗುಳಬೇಕು. ಅಲ್ಲಿಗೆ ಜಗಳ ಮುಗಿದಂತೆ. ಆಮೇಲೆ ಯಾರೂ ಅದನ್ನು ಎತ್ತುವಂತಿಲ್ಲ.

ಮರುವರ್ಷ ಮ್ವಾಕಿಯೊನ ಮಗ ಹಾಸಿಗೆ ಹಿಡಿದನು. ಬಂಧುಗಳು ಸೇರಿದರು. ನನ್ನನ್ನು ಒಂದು ಮಾತು ಕೇಳದೆ ಹೋರಿಯನ್ನು ಮಾರಿದ ಎಂದು ಮ್ವಾಕಿಯೊನ ಹೆಂಡತಿ ಹೇಳಿ ಉಗುಳಿದಳು. ನನ್ನ ಹೆಸರು ಹಿಡಿದು ನಗಾಡಿದ ಎಂದು ದಾಯಾದಿಯೊಬ್ಬ ಉಗುಳಿದನು. ವಕೇಶೊಳ ಸರದಿ ಬಂತು. ಮ್ವಾಕಿಯೊ ತಲೆ ತಗ್ಗಿಸಿ ಕಾದನು. ಅವಳು ಬಟ್ಟಲನ್ನು ತೆಗೆದುಕೊಂಡಳು.

"ನನಗೆ ಯಾರ ಮೇಲೂ ಸಿಟ್ಟಿಲ್ಲ" ಎಂದಳು. ನೀರನ್ನು ಕುಡಿದುಬಿಟ್ಟಳು.

"ಇನ್ನೊಮ್ಮೆ ಯೋಚಿಸು, ಮಗಳೇ" ಎಂದನು ಕುಲದ ಹಿರಿಯ.

"ಇಲ್ಲ ಎಂದೆನಲ್ಲ."

ಹುಡುಗ ಗುಣವಾದನು. ಎಂಥ ದೊಡ್ಡ ಮನಸ್ಸು ಎಂದು ಎಲ್ಲರೂ ವಕೇಶೊಳನ್ನು ಹೊಗಳಿದರು. ಅವಳಿಗೆ ಒಳಗೊಳಗೇ ತೃಪ್ತಿಯಾಯಿತು. ಸಿಟ್ಟೇ ಇಲ್ಲ ಎಂದವಳ ಮುಂದೆ ಮ್ವಾಕಿಯೊ ತಪ್ಪಾಯಿತು ಎನ್ನುವ ಹಾಗಿರಲಿಲ್ಲ.

ಅವನು ಆಗಾಗ ಜೇನು ತಂದು ಬಾಗಿಲಲ್ಲಿ ಇಟ್ಟು ನಿಲ್ಲುತ್ತಿದ್ದನು. "ಚೆನ್ನಾಗಿದ್ದೀಯಾ?" ಎಂದು ಅವಳು ಪರವೂರಿನವರನ್ನು ಕೇಳುವಂತೆ ಕೇಳುತ್ತಿದ್ದಳು. ಅವನು ಚೆನ್ನಾಗಿದ್ದೇನೆ ಎಂದು ಹೊರಟುಹೋಗುತ್ತಿದ್ದನು. ಕ್ರಮೇಣ ಬರುವುದು ನಿಂತಿತು. ಬಂಧುಗಳೂ ಅವಳೊಡನೆ ಅಳೆದು ತೂಗಿ ಮಾತಾಡತೊಡಗಿದರು. ಅವಳನ್ನು ಯಾರೂ ಬೈಯಲಿಲ್ಲ, ಯಾರೂ ಅವಳ ಮುಂದೆ ಅಳಲಿಲ್ಲ. ಬೇರೆ ಮನೆಗಳಲ್ಲಿ ಜನ ಕೂಗಾಡುವುದು, ಆಮೇಲೆ ಒಟ್ಟಿಗೆ ಕುಳಿತು ಉಣ್ಣುವುದು ಅವಳ ಅಂಗಳಕ್ಕೆ ಕೇಳಿಸುತ್ತಿತ್ತು. ಅವಳು ಮಣ್ಣು ಕಲಸುತ್ತಿದ್ದಳು. ಹೀಗೆ ಹದಿನಾಲ್ಕು ವರ್ಷ ಕಳೆಯಿತು.

ಒಂದು ಬೆಳಿಗ್ಗೆ ಮಡಕೆ ಕೊಳ್ಳಲು ಬಂದ ಬಂಧುವೊಬ್ಬಳು, ಮ್ವಾಕಿಯೊ ಸಾಯುವಂತಿದ್ದಾನೆ, ನಿನ್ನೆ ಎಲ್ಲರೂ ಹೋಗಿ ನೀರು ಉಗುಳಿ ಬಂದೆವು ಎಂದಳು.

"ನನ್ನನ್ನು ಯಾಕೆ ಕರೆಯಲಿಲ್ಲ?" ಎಂದು ವಕೇಶೊ ಕೇಳಿದಳು.

"ನಿನಗೆ ಸಿಟ್ಟಿಲ್ಲವಲ್ಲ ಅಕ್ಕ. ಸುಮ್ಮನೆ ಬೆಟ್ಟ ಹತ್ತಿಸುವುದೇಕೆ ಎಂದುಕೊಂಡೆವು."

ಅವಳು ಕೈಯ ಮಣ್ಣನ್ನೂ ತೊಳೆಯದೆ ಓಡಿದಳು. ಎದುರು ಬೆಟ್ಟ ಹತ್ತುವ ಹೊತ್ತಿಗೆ ಮ್ವಾಕಿಯೊನ ಹೆಣವನ್ನು ಅಂಗಳದಲ್ಲಿ ಮಲಗಿಸಿದ್ದರು. ಅವಳು ಅವನ ಬಳಿ ಕುಳಿತಳು. "ಅವತ್ತು ಕರೆದಾಗ ನೀನು ಬರಲಿಲ್ಲ. ಒಬ್ಬಳೇ ಮಗುವನ್ನು ಹಿಡಿದುಕೊಂಡು ಕುಳಿತಿದ್ದೆ. ನೀನು ಬರಲಿಲ್ಲ" ಎಂದಳು. ಎದ್ದು ಹಿರಿಯನ ಮುಂದೆ ಕೈಚಾಚಿ ನೀರು ಕೇಳಿದಳು.

ಹಿರಿಯನು ನೀರು ಕೊಟ್ಟನು. "ಬಾಯಾರಿದ್ದರೆ ಕುಡಿ, ಮಗಳೇ. ಉಗುಳಬೇಡ. ಅವನಿಗೆ ಕೇಳಿಸುವುದಿಲ್ಲ" ಎಂದನು.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು.

"ಹಾಗಾದರೆ ಅವಳದು ಸಹನೆಯಲ್ಲವೇ?" ಎಂದನು ಶಿಷ್ಯ.

"ನೀನು ಯಾರೊಡನೆ ಮಾತು ಬಿಟ್ಟಿದ್ದೀಯೆ?" ಎಂದರು ಗುರುಗಳು.